ಬಿ ಫಾರಂ ಯಾರ ಕೈಯಲ್ಲಿದೆ?

ಪ್ರಿಯ ಮೇಷ್ಟ್ರೇ,

‘ಎಲ್ಲ ಪಕ್ಷಗಳಿಗೂ ವೋಟು ಹಾಕಿ ನೋಡಿದ್ದಾಯಿತು. ಜನರಿಗೆ ಲೆಕ್ಕ ಕೊಡುವ ಪಕ್ಷ ಅಂತ ಒಂದಿದ್ದರೆ ಹೇಗಿರುತ್ತದೆ?’ ಅಂತ ಕೇಳಿದ್ದೀರಿ. ಒಬ್ಬ ಒಳ್ಳೆಯ ನಾಯಕ ಸಿಕ್ಕರೆ ಸಾಕು ಅಂತಲೂ ಬರೆದಿದ್ದೀರಿ. ಆ ಮಾತು ನಾನು ಒಪ್ಪುವುದಿಲ್ಲ. ನಾಯಕ ಎಷ್ಟೇ ಒಳ್ಳೆಯವನಿರಲಿ, ಪಕ್ಷದೊಳಗೆ ಅವನನ್ನು ಕೇಳುವವರೇ ಇಲ್ಲದಿದ್ದರೆ ಆ ಒಳ್ಳೆಯತನ ಎಷ್ಟು ದಿನ ಉಳಿದೀತು ಹೇಳಿ.

ನಾನಾದರೆ ಬಿ ಫಾರಂನಿಂದ ಶುರು ಮಾಡುತ್ತೇನೆ. ಅಭ್ಯರ್ಥಿಗೆ ಪಕ್ಷದ ಚಿಹ್ನೆ ಕೊಡಿಸುವ ಕಾಗದ ಅದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಪಕ್ಷ ಅಧಿಕಾರ ಕೊಟ್ಟವರು ಶಾಯಿಯಲ್ಲೇ ಸಹಿ ಹಾಕಿರಬೇಕು, ಸೀಲು ಒತ್ತಿದರೆ ನಡೆಯುವುದಿಲ್ಲ. ಅಷ್ಟು ಕಟ್ಟುನಿಟ್ಟು. ಆದರೆ ಆ ಹೆಸರನ್ನು ಯಾಕೆ ಆರಿಸಿದರು ಅಂತ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ವರ್ಷಗಟ್ಟಲೆ ಬಾವುಟ ಕಟ್ಟಿ, ಬೂತ್‌ನಲ್ಲಿ ಕೂತ ಕಾರ್ಯಕರ್ತನಿಗೆ ತನ್ನ ಅಭ್ಯರ್ಥಿ ಯಾರು ಅಂತ ಗೊತ್ತಾಗುವುದು ಟಿವಿ ನೋಡಿದಾಗ. ಟಿಕೆಟ್ ಬೇಕಾದವರು ಬೆಂಗಳೂರು, ದೆಹಲಿ ಅಂತ ಓಡಾಡುತ್ತಾರೆ. ಊರಿನ ಸದಸ್ಯರ ಮನೆಗೆ ಯಾಕೆ ಬರುತ್ತಾರೆ? ಕೊಡುವವರು ಇಲ್ಲಿಲ್ಲವಲ್ಲ.

2019ನ್ನು ನೆನಪು ಮಾಡಿಕೊಳ್ಳಿ. ಪಕ್ಷಾಂತರದ ಕಾರಣಕ್ಕೆ ಕರ್ನಾಟಕದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಆದರೆ ಮತ್ತೆ ನಿಲ್ಲಬಹುದು ಎಂದಿತು. ಅವರಲ್ಲಿ ಹೆಚ್ಚಿನವರು ಡಿಸೆಂಬರ್‌ನಲ್ಲೇ ಬೇರೆ ಪಕ್ಷದ ಬಿ ಫಾರಂ ಹಿಡಿದು ನಿಂತರು. ಹಿಂದಿನ ವರ್ಷ ಅವರ ವಿರುದ್ಧ ಬೀದಿ ಸುತ್ತಿದ್ದ ಕಾರ್ಯಕರ್ತರೇ ಈಗ ಅವರ ಪರ ಕೈಮುಗಿಯಬೇಕಾಯಿತು. ಟಿಕೆಟ್ ಆ ಕಾರ್ಯಕರ್ತರ ಕೈಯಲ್ಲಿದ್ದಿದ್ದರೆ ಹೀಗೆ ಆಗುತ್ತಿತ್ತಾ? ಪಕ್ಷಾಂತರ ನಿಷೇಧ ಕಾಯ್ದೆ ಬಂದಿದ್ದು 1985ರಲ್ಲಿ. ಅದು ಶಾಸಕನನ್ನು ಪಕ್ಷದ ವಿಪ್‌ಗೆ, ಅಂದರೆ ಸದನದಲ್ಲಿ ಹೀಗೇ ಮತ ಹಾಕು ಎನ್ನುವ ಆದೇಶಕ್ಕೆ, ಕಟ್ಟಿಹಾಕಿತೇ ಹೊರತು, ಪಕ್ಷವನ್ನು ತನ್ನ ಸದಸ್ಯರಿಗೆ ಕಟ್ಟಿಹಾಕಲಿಲ್ಲ.

ನನ್ನ ಮನಸ್ಸಿನಲ್ಲಿರುವ ಪಕ್ಷದಲ್ಲಿ ಕ್ಷೇತ್ರದ ಸದಸ್ಯರೇ ಗುಪ್ತ ಮತ ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಇದು ಸುಮ್ನೆ ಕನಸಲ್ಲ. ಜರ್ಮನಿಯಲ್ಲಿ ಸದಸ್ಯರು ಅಥವಾ ಅವರು ಆರಿಸಿದ ಪ್ರತಿನಿಧಿಗಳು ಗುಪ್ತ ಮತದಿಂದಲೇ ಅಭ್ಯರ್ಥಿಯನ್ನು ಆರಿಸಬೇಕು ಅಂತ ಕಾನೂನೇ ಇದೆ. ನಮ್ಮ ಕಾನೂನು ಆಯೋಗವೂ 1999ರಲ್ಲಿ ಪಕ್ಷಗಳ ಒಳಗಿನ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕು ಎಂದಿತ್ತು. ಕ್ರಿಮಿನಲ್ ಕೇಸು ಇರುವವರಿಗೆ ಟಿಕೆಟ್ ಕೊಟ್ಟರೆ ಕಾರಣ ಪ್ರಕಟಿಸಬೇಕು, ‘ಗೆಲ್ಲುತ್ತಾರೆ’ ಅನ್ನುವುದು ಕಾರಣವಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ಪಕ್ಷ ಎಲ್ಲ ಅಭ್ಯರ್ಥಿಗಳಿಗೂ ಆ ಕಾರಣ ಕೊಡಬೇಕು.

ದುಡ್ಡಿನ ಮಾತು ಬಿಡುವಂತಿಲ್ಲ. ಹೆಸರು ಹೊರಬರದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್ 2024ರ ಫೆಬ್ರವರಿಯಲ್ಲಿ ರದ್ದಾಯಿತು, ನಿಜ. ಆದರೂ 20,000 ರೂಪಾಯಿಗಿಂತ ಜಾಸ್ತಿ ಕೊಟ್ಟವರ ಹೆಸರಷ್ಟೇ ಚುನಾವಣಾ ಆಯೋಗಕ್ಕೆ ಹೋಗುತ್ತದೆ. ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. 2013ರಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) ವ್ಯಾಪ್ತಿಗೆ ಬರುತ್ತವೆ ಎಂದಿತು. ಒಂದೂ ಪಾಲಿಸಲಿಲ್ಲ. ನಿಮ್ಮೂರಿನ ಹಾಲಿನ ಡೇರಿಯಾದರೂ ವರ್ಷಕ್ಕೊಮ್ಮೆ ಸಭೆ ಕರೆದು, ಸದಸ್ಯರ ಮುಂದೆ ಲೆಕ್ಕ ಓದಬೇಕು. ದೇಶ ಆಳುವ ಪಕ್ಷಕ್ಕೆ ಅಷ್ಟೂ ಬೇಡವೇ?

ಸಣ್ಣ ದುಡ್ಡಿನಲ್ಲಿ ರಾಜಕೀಯ ಆಗುವುದಿಲ್ಲ ಅನ್ನುವವರಿಗೆ ನಾನು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಹೆಸರು ಹೇಳುತ್ತೇನೆ. ಗೇಣಿದಾರ ರೈತರ ಹೋರಾಟವಾದ ಕಾಗೋಡು ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಅವರು ಚುನಾವಣೆ ಗೆದ್ದರು. ‘ಒಂದು ವೋಟು, ಒಂದು ನೋಟು’ ಅಂತ ಜನರ ಹತ್ತಿರ ಎರಡನ್ನೂ ಕೇಳಿದವರು ಅವರು. ಒಂದು ರೂಪಾಯಿ ಕೊಟ್ಟವನಿಗೆ ಗೆದ್ದವರನ್ನು ನಿಲ್ಲಿಸಿ ಕೇಳುವ ಧೈರ್ಯ ಬರುತ್ತದೆ. ಈಗ ದುಡ್ಡು ಮತದಾರನ ಕಡೆಗೇ ಬರುತ್ತಿದೆ. ತೆಗೆದುಕೊಂಡವನು ಏನಂತ ಕೇಳಿಯಾನು?

ನಿಮಗೊಂದು ಕೆಲಸ ಹೇಳಲೇ? ನಿಮ್ಮ ತಾಲ್ಲೂಕಿನಲ್ಲಿರುವ ಪಕ್ಷದ ಕಚೇರಿಗಳಿಗೆಲ್ಲ ಹೋಗಿ. ಸದಸ್ಯರ ಪಟ್ಟಿ ಇದೆಯಾ, ಘಟಕದ ಅಧ್ಯಕ್ಷರನ್ನು ಯಾರು ಆರಿಸಿದರು, ಕಳೆದ ಸಲದ ಬಿ ಫಾರಂ ಯಾರು ಕೊಟ್ಟರು ಅಂತ ಕೇಳಿ. ಬಂದ ಉತ್ತರಗಳನ್ನು ಹಾಗೇ ಬರೆದು ಕಳಿಸಿ. ಪಕ್ಷ ಯಾವುದೇ ಇರಲಿ, ಒಂದನ್ನೂ ಬಿಡದೆ ಅಚ್ಚು ಹಾಕುತ್ತೇವೆ.

– ಸಂಪಾದಕ