ಪುಸ್ತಕದ ಕೊನೆಯ ಪುಟ ನೋಡಿ

ಮುಂಡರಗಿಯ ಓದುಗರೊಬ್ಬರ ಪತ್ರ: “ಮಗಳು ಬಿ.ಎ. ಮುಗಿಸ್ಯಾಳ. ಇತಿಹಾಸ ಎಂ.ಎ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಾಗೂ ಸೀಟು ಸಿಕ್ಕೈತಿ, ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಾಗೂ ಸಿಕ್ಕೈತಿ. ಮನ್ಯಾಗ ಎಲ್ಲಾರೂ ಧಾರವಾಡದಾಗ ಈಗ ಏನ ಉಳದೈತಿ ಅಂತಾರ. ಆಕಿಗೆ ಧಾರವಾಡನ ಬೇಕಂತ. ಏನ ಮಾಡೂಣ್ರಿ? ಹಾಸ್ಟೆಲ್ ಸಿಗತೈತೇನು?”

ಸಂಪಾದಕರ ಉತ್ತರ:

‘ಆಕಿಗೆ ಧಾರವಾಡನ ಬೇಕಂತ.’ ಮಗಳು ಬಾಯಿಬಿಟ್ಟು ಹೇಳಿದ ಮೇಲೂ ನೀವು ಮನೆಮಂದಿಯನ್ನೆಲ್ಲ ಕೇಳಿ, ಸಾಲದ್ದಕ್ಕೆ ನನ್ನನ್ನೂ ಕೇಳುತ್ತಿದ್ದೀರಲ್ಲ! ಇಷ್ಟು ಓದಿಸಿದ ತಂದೆ ಇದೊಂದು ಮಾತಿಗೆ ಹಿಂಜರಿಯಬಾರದು.

ಬೆಂಗಳೂರಿನ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಇಂಗ್ಲಿಷ್ ರೂಢಿಯಾಗುತ್ತದೆ, ಪರೀಕ್ಷೆ-ಫಲಿತಾಂಶ ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಆಗುತ್ತವೆ. ಅದು ಸಣ್ಣ ಮಾತಲ್ಲ.

ಹೋದ ವರ್ಷ ಅಕ್ಕನ ಮಗನ ಜೊತೆ ಅಂಥದೇ ಒಂದು ಸಂಸ್ಥೆ ನೋಡಲು ಹೋಗಿದ್ದೆ. ಈಜುಕೊಳ ತೋರಿಸಿದರು, ಎ.ಸಿ. ಸಭಾಂಗಣ ತೋರಿಸಿದರು. ಲೈಬ್ರರಿಗೆ ನಾನೇ ಕೇಳಿಕೊಂಡು ಹೋದೆ. ಇತಿಹಾಸದ ಒಂದು ಪುಸ್ತಕ ಎಳೆದು ಕೊನೆಯ ಪುಟ ತಿರುವಿದೆ. ತಾರೀಖು ಒತ್ತುವ ಚೀಟಿ ಅಂಟಿಸಿದ್ದರು, ಒಂದೂ ಮುದ್ರೆ ಇರಲಿಲ್ಲ. ಪಕ್ಕದ್ದು ತೆಗೆದೆ, ಅದೂ ಖಾಲಿ. ಇನ್ನೊಂದರಲ್ಲಿ ಒಂದಕ್ಕೊಂದು ಅಂಟಿದ ಹಾಳೆಗಳ ಅಂಚನ್ನೇ ಯಾರೂ ಬಿಡಿಸಿರಲಿಲ್ಲ.

ನಾನು ಧಾರವಾಡದಲ್ಲಿ ಓದುವಾಗ ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯದಿಂದ ಕದಂಬರ ಮೇಲಿನ ಒಂದು ಪುಸ್ತಕ ತಂದಿದ್ದೆ. ಚೀಟಿ ತುಂಬಿದ್ದಕ್ಕೆ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಅಂಟಿಸಿ ಕೊನೆಯ ಪುಟ ರಟ್ಟಿನಷ್ಟು ದಪ್ಪಗಾಗಿತ್ತು. ಒಳಗೆ ಯಾರೋ ಪೆನ್ಸಿಲಿನಲ್ಲಿ ‘ಈ ಶಾಸನದ ಕಾಲ ತಪ್ಪು’ ಎಂದು ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹ: ‘ಸರಿ ಇದೆ, ಮತ್ತೊಮ್ಮೆ ಓದು.’ ಮುಖ ನೋಡಿರದ ಆ ಇಬ್ಬರ ಜಗಳ ಬಿಡಿಸಲು ನಾನು ಮೂರು ದಿನ ಕೂತೆ. ಎಂ.ಎ. ಮಾಡಿದ್ದು ಸಾರ್ಥಕವೆನಿಸಿದ್ದು ಆ ಮೂರು ದಿನಗಳಿಂದ. ಯಾರ ನಡುವೆ ಕೂತು ಓದುತ್ತೇವೆ ಎಂಬುದನ್ನು ನೋಡಿ ವಿಶ್ವವಿದ್ಯಾಲಯ ಆರಿಸಿಕೊಳ್ಳಿ ಎಂದು ನಾನು ಹೇಳುತ್ತ ಬಂದಿರುವುದು ಇದಕ್ಕೇ. ನಮಗಿಂತ ಮೊದಲು ಓದಿಹೋದವರೂ ಆ ಲೆಕ್ಕದಲ್ಲಿ ಬರುತ್ತಾರೆ.

‘ಏನ ಉಳದೈತಿ’ ಅನ್ನುವವರಿಗೆ ಇದೆಲ್ಲ ಎಷ್ಟು ತಡವಾಗಿ ಕೈಗೆ ಬಂತೆಂಬುದು ಮರೆತಿದೆ. 1913ರಲ್ಲಿ ಮೆಟ್ರಿಕ್ ಮುಗಿಸಿದ ಬೇಂದ್ರೆಯವರು ಪದವಿಗೆ ಪುಣೆಗೆ ಹೋದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದೇ 1917ರಲ್ಲಿ. ಆಮೇಲೂ ಮೂವತ್ತು ವರ್ಷ ನಮ್ಮವರಿಗೆ ಪದವಿ ಕೊಡುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವೂ ಧಾರವಾಡಕ್ಕೆ ಬರುವ ಮೊದಲು ಮುಂಬಯಿಯಲ್ಲೇ ಇತ್ತು. ಅದನ್ನು ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಕಟ್ಟಿ ನಿಲ್ಲಿಸಿದವರು ಕುಲಪತಿಯಾಗಿದ್ದ ಡಿ.ಸಿ. ಪಾವಟೆ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ್ದ ಮಲ್ಲಿಕಾರ್ಜುನ ಮನಸೂರರು ಇಲ್ಲಿ ಸಂಗೀತ ವಿಭಾಗ ನಡೆಸಿದರು.

ಇತಿಹಾಸ ಓದುವವಳಿಗಂತೂ ಇಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ಅದರ ವಸ್ತುಸಂಗ್ರಹಾಲಯವಿದೆ. ರವಿವಾರ ಬಸ್ ಹತ್ತಿದರೆ ಚಾಲುಕ್ಯರ ಗುಡಿಗಳಿರುವ ಅಣ್ಣಿಗೇರಿ, ಲಕ್ಕುಂಡಿ. ಡಂಬಳದ ದೊಡ್ಡಬಸಪ್ಪನ ಗುಡಿಯಂತೂ ನಿಮ್ಮ ತಾಲೂಕಿನದೇ. ಇಪ್ಪತ್ನಾಲ್ಕು ಕೋನದ ಆ ಗೋಡೆ ನೋಡುತ್ತ ಬೆಳೆದ ಹುಡುಗಿ ಚಾಲುಕ್ಯರನ್ನು ಬೆಂಗಳೂರಿನ ಪರದೆಯ ಮೇಲೆ ಯಾಕೆ ನೋಡಬೇಕು?

ಕೊರತೆ ಇಲ್ಲವೆಂದು ನಾನು ಹೇಳುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು ನಿವೃತ್ತರಾದ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ, ಅತಿಥಿ ಉಪನ್ಯಾಸಕರು ತಿಂಗಳ ಸಂಬಳಕ್ಕೆ ದಾರಿ ಕಾಯುತ್ತ ಪಾಠ ಮಾಡುತ್ತಾರೆ. ಇದನ್ನು ಕೇಳುವವರು ಯಾರು? ಕೇಳುವ ಶಕ್ತಿಯಿದ್ದ ಮನೆಗಳ ಮಕ್ಕಳೆಲ್ಲ ಬೆಂಗಳೂರು, ಪುಣೆ ಸೇರಿಯಾಯಿತು. ಶಾಸಕರ ಮಕ್ಕಳು ಇಲ್ಲಿ ಓದಿದ್ದರೆ ಒಂದು ಹುದ್ದೆಯೂ ಇಷ್ಟು ದಿನ ಖಾಲಿ ಇರುತ್ತಿರಲಿಲ್ಲ. ಆದರೆ ಇದೇ ಧಾರವಾಡದ ಸಪ್ತಾಪುರದಲ್ಲಿ ಹಳ್ಳಿಯ ಹುಡುಗರು ತಿಂಗಳ ಬಾಡಿಗೆ ಕೊಟ್ಟು ಓದುವ ಕೋಣೆಯಲ್ಲಿ ಒಂದು ಕುರ್ಚಿ ಹಿಡಿದು ರಾತ್ರಿಯವರೆಗೆ ಓದುತ್ತಾರೆ. ಓದುವ ಹಸಿವು ಈ ಊರಲ್ಲಿ ಒಂದಿಷ್ಟೂ ಇಂಗಿಲ್ಲ.

ಹಾಸ್ಟೆಲ್ ಅರ್ಜಿಯನ್ನು ಪ್ರವೇಶದ ದಿನವೇ ಹಾಕಿಬಿಡಿ, ತಡ ಮಾಡಿದರೆ ರೂಮಿಗೆ ಪರದಾಡಬೇಕಾದೀತು. ಮಗಳು ಬಂದು ಸೇರಿದ ಮೇಲೆ ಒಂದು ದಿನ ನಮ್ಮ ಕಚೇರಿಗೆ ಕಳಿಸಿ. ಆ ಕದಂಬರ ಪುಸ್ತಕದ ಹೆಸರು ಬರೆದುಕೊಡುತ್ತೇನೆ. ಪೆನ್ಸಿಲಿನ ಜಗಳದಲ್ಲಿ ಯಾರು ಸರಿ ಎಂದು ಆಕೆಯೇ ನೋಡಲಿ.