ಶೇ 87 ಎಂಬ ಅಂಕಿಯನ್ನು ಎಷ್ಟು ನಂಬಬೇಕು?

ಪತ್ರದ ಸಾರ: ಓದುಗರೊಬ್ಬರ ತಾಯಿಗೆ ಮರೆವು ಹೆಚ್ಚಿದೆ. ಎಂಆರ್‌ಐ ನೋಡಿದ ಕೃತಕ ಬುದ್ಧಿಮತ್ತೆ ತಂತ್ರಾಂಶ ‘ಅಲ್ಝೈಮರ್ ಸಾಧ್ಯತೆ ಶೇ 87’ ಎಂದಿದೆ. ವೈದ್ಯರು ಮಾತ್ರ ಇನ್ನಷ್ಟು ಪರೀಕ್ಷೆ ಕೇಳುತ್ತಿದ್ದಾರೆ. ‘ಯಂತ್ರದ ನಿಖರತೆ ಶೇ 90ರಷ್ಟಿರುವಾಗ ಈ ತಡವೇಕೆ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ: ವೈದ್ಯರು ಮಾಡುತ್ತಿರುವುದೇ ಸರಿ. ಮೊದಲು ಆ ಶೇ 90ರ ಲೆಕ್ಕ ನೋಡೋಣ. ರೋಗವಿರುವ 100 ಜನರಲ್ಲಿ 90 ಮಂದಿಯನ್ನು ಹಿಡಿಯುವ, ರೋಗವಿಲ್ಲದ 100 ಜನರಲ್ಲಿ 90 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ತಂತ್ರಾಂಶ ಎಂದುಕೊಳ್ಳಿ. 1,000 ಹಿರಿಯರಲ್ಲಿ 50 ಮಂದಿಗೆ ಕಾಯಿಲೆಯಿದ್ದರೆ ಅದು 45 ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಆರೋಗ್ಯವಂತರಾದ 95 ಮಂದಿಗೂ ರೋಗದ ಹಣೆಪಟ್ಟಿ ಹಚ್ಚುತ್ತದೆ. ಅದೇ ತಂತ್ರಾಂಶ, ಅರ್ಧದಷ್ಟು ಜನರಿಗೆ ರೋಗವಿರುವ ಮರೆವಿನ ಚಿಕಿತ್ಸಾಲಯದಲ್ಲಿ ‘ರೋಗವಿದೆ’ ಎಂದರೆ ಹತ್ತರಲ್ಲಿ ಒಂಬತ್ತು ಸಲ ಸರಿ.

ಆ ಶೇ 90 ಬಂದ ದಾರಿಯನ್ನೂ ಕೇಳಬೇಕು. ಒಂದು ಎಂಆರ್‌ಐನಿಂದ ನೂರಕ್ಕೂ ಹೆಚ್ಚು ಪದರಚಿತ್ರಗಳು ಸಿಗುತ್ತವೆ. ಒಬ್ಬರದೇ ಪದರಗಳಲ್ಲಿ ಕೆಲವನ್ನು ಕಲಿಕೆಗೂ ಉಳಿದವನ್ನು ಪರೀಕ್ಷೆಗೂ ಹಂಚಿದರೆ ಯಂತ್ರ ರೋಗವನ್ನು ಬಿಟ್ಟು ಆ ತಲೆಯನ್ನೇ ಗುರುತು ಹಿಡಿಯುತ್ತದೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಂತೆ! ಹಲವು ಸಂಶೋಧನಾ ಪ್ರಬಂಧಗಳ ಹೊಳೆಯುವ ಅಂಕಿಗಳು ಹೀಗೆ ಬಂದವು. ಆದ್ದರಿಂದ ಬೇರೆ ಆಸ್ಪತ್ರೆಯ, ಬೇರೆ ಸ್ಕ್ಯಾನರ್‌ನ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆಯೇ ಎಂದು ವಿಚಾರಿಸಿ.

ಇನ್ನು ಸ್ಕ್ಯಾನಿನ ಗುಣಮಟ್ಟ. ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪ್ಪೊಕ್ಯಾಂಪಸ್ ಅಲ್ಝೈಮರ್‌ನಲ್ಲಿ ಬೇಗ ಸೊರಗುತ್ತದೆ. ಅದರ ಗಾತ್ರ ಸುಮಾರು 3 ಘನ ಸೆಂ.ಮೀ. ಅಷ್ಟೇ. ಅದನ್ನು ಅಳೆಯಲು 1 ಮಿ.ಮೀ. ಆಸುಪಾಸಿನ ತ್ರಿ-ಆಯಾಮದ ಟಿ1 ಚಿತ್ರ (ಮಿದುಳಿನ ರಚನೆಯನ್ನು ಸ್ಪಷ್ಟವಾಗಿ ತೋರಿಸುವ ಎಂಆರ್‌ಐ ಬಗೆ) ಬೇಕು. ಮಾಮೂಲಿ 5 ಮಿ.ಮೀ. ಪದರಗಳಲ್ಲಿ ಅಂಚು ಮಸುಕಾಗುತ್ತದೆ. ತಲೆ ಅಲುಗಾಡಿದರೂ ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ, ಗಲಿಬಿಲಿಗೊಂಡ ರೋಗಿಗಳು ಅಲುಗಾಡುವುದೂ ಹೆಚ್ಚು. ಸಾಲದ್ದಕ್ಕೆ, ವಯಸ್ಸಾದಂತೆ ಎಲ್ಲರ ಮಿದುಳೂ ಅಷ್ಟಿಷ್ಟು ಕುಗ್ಗುತ್ತದೆ.

ಅಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೋರಿಸುವ ಪೆಟ್ ಸ್ಕ್ಯಾನ್ ಮಾಡಿಸಿದರೆ ಮುಗಿಯಿತಲ್ಲ ಎನ್ನಬಹುದು. ಆದರೆ ನೆನಪು ಗಟ್ಟಿಯಾಗಿರುವ ಎಷ್ಟೋ ಹಿರಿಯರಲ್ಲೂ ಅಮಿಲಾಯ್ಡ್ ಕಾಣುತ್ತದೆ, ಹಾಗಾಗಿ ಅದೊಂದೇ ಸಾಲದು.

ಮಾತ್ರೆ ನುಂಗುವುದು, ಹಣ ಎಣಿಸುವುದು, ಗೊತ್ತಿರುವ ದಾರಿಯಲ್ಲಿ ಹೋಗಿಬರುವುದು ಮೊದಲಿನಂತೆ ಆಗುತ್ತಿದೆಯೇ ಎಂಬುದರ ಮೇಲೆ ಡಿಮೆನ್ಶಿಯಾದ (ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಬುದ್ಧಿಶಕ್ತಿ ಕುಗ್ಗುವ ಸ್ಥಿತಿ; ಅಲ್ಝೈಮರ್ ಅದರ ಒಂದು ಕಾರಣ) ತೀರ್ಮಾನ ನಿಂತಿದೆ. ಇದನ್ನು ಮನೆಯವರೇ ಹೇಳಬೇಕು, ಯಾವಾಗ ಶುರುವಾಯಿತು ಎಂಬುದನ್ನು ಬರೆದಿಟ್ಟುಕೊಂಡು ಹೋಗಿ. ಬಿ12, ಥೈರಾಯ್ಡ್, ಸೋಡಿಯಂ ರಕ್ತಪರೀಕ್ಷೆ ಬಿಡಬೇಡಿ. ನಿದ್ರೆಮಾತ್ರೆ, ಖಿನ್ನತೆ, ಕಿವುಡು ಕೂಡ ಮರೆವಿನ ವೇಷ ಹಾಕುತ್ತವೆ. ಬಿದ್ದು ತಲೆಗೆ ಪೆಟ್ಟಾಗಿದ್ದರೆ ತಪ್ಪದೆ ತಿಳಿಸಿ: ಮಿದುಳಿನ ಹೊದಿಕೆಯಡಿ ಹೆಪ್ಪುಗಟ್ಟಿದ ರಕ್ತವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಅಲ್ಝೈಮರ್ ಒಂದನ್ನೇ ಹುಡುಕಲು ಕಲಿತ ತಂತ್ರಾಂಶ ಇದರ ಬಗ್ಗೆ ತುಟಿಬಿಚ್ಚದಿರಬಹುದು.

ಸ್ಕ್ಯಾನಿನ ಮುದ್ರಿತ ಹಾಳೆಯ ಜೊತೆ ಮೂಲ ಡೈಕಾಮ್ ಕಡತಗಳನ್ನೂ (ಸ್ಕ್ಯಾನಿನ ಡಿಜಿಟಲ್ ಚಿತ್ರಗಳು) ಪಡೆದಿಡಿ. ವರ್ಷದ ನಂತರ ಮತ್ತೆ ಮಾಡಿಸುವುದಾದರೆ ಅದೇ ಯಂತ್ರ, ಅದೇ ಸ್ಕ್ಯಾನ್ ಕ್ರಮವಿರಲಿ. ಯಂತ್ರ ಬದಲಾದರೆ ಅಳತೆಯ ವ್ಯತ್ಯಾಸ ರೋಗದ್ದೋ ಯಂತ್ರದ್ದೋ ಹೇಳಲಾಗದು.