ಟೋಪಿ ಹಾಕುವುದೂ ಕೈ ಕೊಡುವುದೂ ಒಂದೇ?

ಪ್ರಶ್ನೆ: ‘ಟೋಪಿ ಹಾಕಿದ’, ‘ಕೈ ಕೊಟ್ಟ’ ಎರಡನ್ನೂ ಮೋಸಕ್ಕೆ ಬಳಸುತ್ತಾರೆ. ವ್ಯತ್ಯಾಸವೇನು?

ಉತ್ತರ: ಟೋಪಿ ಹಾಕುವುದರಲ್ಲಿ ಮೊದಲಿನಿಂದಲೇ ವಂಚಿಸುವ ಉದ್ದೇಶವಿರುತ್ತದೆ, ಸಾಮಾನ್ಯವಾಗಿ ಹಣಕ್ಕಾಗಿ. ಕೈ ಕೊಡುವುದೆಂದರೆ ನಂಬಿದವರನ್ನು ಬೇಕಾದ ಸಮಯದಲ್ಲಿ ಕೈಬಿಡುವುದು. ಅಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ. ಹಾಗಾಗಿಯೇ ‘ಮಳೆ ಕೈ ಕೊಟ್ಟಿತು’, ‘ಗಾಡಿ ಕೈ ಕೊಟ್ಟಿತು’ ಎನ್ನುತ್ತೇವೆ. ಮಳೆ ಯಾರಿಗೂ ಟೋಪಿ ಹಾಕುವುದಿಲ್ಲ!

ಹಲವರು ಎಡವುವುದು ಕ್ರಿಯಾಪದದಲ್ಲಿ. ಮೋಸ ಹೋದವನು ‘ಟೋಪಿ ಹಾಕಿಸಿಕೊಂಡ’. ‘ಹಾಕಿಕೊಂಡ’ ಎಂದರೆ ನಿಜವಾದ ಟೋಪಿಯನ್ನೇ ತಲೆಗೇರಿಸಿದ ಎಂದಾಗುತ್ತದೆ. ಮೋಸ ಹೋದವರಿಗೆ ಚತುರ್ಥಿ ವಿಭಕ್ತಿ: ‘ಗೆಳೆಯನಿಗೆ ಟೋಪಿ ಹಾಕಿದ’, ‘ಗೆಳೆಯನನ್ನು’ ತಪ್ಪು. ‘ನಾಮ ಹಾಕು’, ‘ಪಂಗನಾಮ ಹಾಕು’ ಎಂಬುವಕ್ಕೂ ಇದೇ ನಿಯಮ.

ಇವೆಲ್ಲ ಆಡುಮಾತು. ದೂರಿನ ಅರ್ಜಿಯಲ್ಲಿ ‘ವಂಚಿಸಿದ’ ಎಂದೇ ಬರೆಯಿರಿ.